ಕೀರ್ತಿವರ್ಮ (ಗೋವೈದ್ಯಕಾರ)

ಈ ಲೇಖನವು ಕಲ್ಯಾಣ ಚಾಲುಕ್ಯ ವಂಶದ ರಾಜಪುತ್ರನೂ ಗೋವೈದ್ಯ ಗ್ರಂಥದ ಕರ್ತೃವೂ ಆದ ಕೀರ್ತಿವರ್ಮನನ್ನು ಕುರಿತದ್ದು. ಇದೇ ಹೆಸರಿನ ಬಾದಾಮಿ ಚಾಲುಕ್ಯ ಅರಸರಾದ ಒಂದನೆಯ ಮತ್ತು ಎರಡನೆಯ ಕೀರ್ತಿವರ್ಮರು ಬೇರೆ.

ಕೀರ್ತಿವರ್ಮ (ಕಾಲ ಸುಮಾರು 1125) ಹಳಗನ್ನಡದ ಶಾಸ್ತ್ರಗ್ರಂಥಕಾರರಲ್ಲಿ ಒಬ್ಬ. ಕಲ್ಯಾಣ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ಮಗ. ಆರನೆಯ ವಿಕ್ರಮಾದಿತ್ಯನ ತಮ್ಮ. ಇವನು ರಚಿಸಿದ ಗೋವೈದ್ಯ ಎಂಬ ಗ್ರಂಥವು ದನಕರುಗಳ ರೋಗ ಮತ್ತು ಅವುಗಳ ಚಿಕಿತ್ಸೆಯನ್ನು ಕುರಿತದ್ದಾಗಿದ್ದು, ಪಶುವೈದ್ಯಕ್ಕೇ ಮೀಸಲಾದ ಕನ್ನಡ ಗ್ರಂಥಗಳಲ್ಲಿ ಮೊದಲನೆಯದೆಂದು ಪರಿಗಣಿತವಾಗಿದೆ. ಅರಮನೆಗಳಲ್ಲಿ ಆನೆ ಮತ್ತು ಕುದುರೆಗಳ ವೈದ್ಯಕ್ಕೆ ಮನ್ನಣೆಯಿದ್ದ ಕಾಲದಲ್ಲಿ ರಾಜಕುಮಾರನೊಬ್ಬನು ಒಕ್ಕಲಿಗನ ಕೊಟ್ಟಿಗೆಯ ಹಸು ಎತ್ತುಗಳಿಗಾಗಿ, ಜನರಾಡುವ ಭಾಷೆಯಲ್ಲಿ ಗ್ರಂಥ ರಚಿಸಿದನೆಂಬುದು ಇವನ ವೈಶಿಷ್ಟ್ಯ.

ವಂಶ ಮತ್ತು ಕಾಲ

ಕೀರ್ತಿವರ್ಮನ ತಂದೆ ಒಂದನೆಯ ಸೋಮೇಶ್ವರನಿಗೆ ತ್ರೈಲೋಕ್ಯಮಲ್ಲ, ಆಹವಮಲ್ಲ ಎಂಬ ಬಿರುದುಗಳಿದ್ದವು. ಇವನು 1042ರಿಂದ 1068ರವರೆಗೆ ಆಳಿದನು. ಇಂದು ಬೀದರ್ ಜಿಲ್ಲೆಯಲ್ಲಿರುವ ಬಸವಕಲ್ಯಾಣವು ಕಲ್ಯಾಣವೆಂಬ ಹೆಸರಿನಿಂದ ಚಾಲುಕ್ಯರ ರಾಜಧಾನಿಯಾಗಿ ಬೆಳೆದದ್ದು ಇವನ ಕಾಲದಲ್ಲಿ. ಚೋಳರೊಡನೆ ಇವನು ಜೀವಮಾನವಿಡೀ ಹೋರಾಡಿದನು. 1054ರ ಕೊಪ್ಪಂ ಯುದ್ಧದಲ್ಲಿ ಚೋಳ ದೊರೆ ರಾಜಾಧಿರಾಜನು ರಣರಂಗದಲ್ಲಿಯೇ ಮಡಿದನು. ಕೊನೆಗೆ ವಾಸಿಯಾಗದ ಕಾಯಿಲೆಗೆ ತುತ್ತಾದ ಸೋಮೇಶ್ವರನು 1068ರ ಮಾರ್ಚ್ ತಿಂಗಳಿನಲ್ಲಿ ಕುರುವತ್ತಿಯ ಬಳಿ ತುಂಗಭದ್ರಾ ನದಿಯಲ್ಲಿ ಜಲಸಮಾಧಿ ಹೊಂದಿದನು. ದಕ್ಷಿಣಾಪಥದ ಚಕ್ರವರ್ತಿಯ ರೋಗಕ್ಕೂ ಮದ್ದು ಸಿಗದೆ ಹೋದ ಈ ಮನೆತನದಲ್ಲಿಯೇ ಮುಂದೆ ವೈದ್ಯಗ್ರಂಥಕಾರನೊಬ್ಬನು ಬೆಳೆದನು.

ತಂದೆ 1068ರಲ್ಲಿ ತೀರಿಕೊಂಡದ್ದರಿಂದ, ಸಾಹಿತ್ಯ ಚರಿತ್ರಕಾರರು ಗೋವೈದ್ಯಕ್ಕೆ ಹೇಳುವ 1125ರ ಸುಮಾರನ್ನು ಒಪ್ಪಿದರೆ ಆ ವೇಳೆಗೆ ಕೀರ್ತಿವರ್ಮನಿಗೆ ಅರುವತ್ತರ ಆಸುಪಾಸಿನ ವಯಸ್ಸಾಗಿರಬೇಕು. ಅಣ್ಣ ವಿಕ್ರಮಾದಿತ್ಯನ ಆಳ್ವಿಕೆ 1076ರಿಂದ 1126ರವರೆಗೆ ನಡೆಯಿತು. ಆದುದರಿಂದ ಗ್ರಂಥವು ಆ ಐವತ್ತು ವರ್ಷಗಳ ಅವಧಿಗೆ ಸೇರಿದ್ದೆಂದು ಸ್ಥೂಲವಾಗಿ ಹೇಳಬಹುದು.

ಸೋಮೇಶ್ವರನ ರಾಣಿಯರಲ್ಲಿ ಕೇತಲದೇವಿಯೂ ಒಬ್ಬಳು. ಪೊನ್ನವಾಡದ, ಅಂದರೆ ಈಗಿನ ವಿಜಯಪುರ ಜಿಲ್ಲೆಯ ಹೊನವಾಡದ, 1054ರ ಶಾಸನವು ಅವಳ ಅಧಿಕಾರಿಯಾದ ಚಾಂಕಿರಾಜನು ಅಲ್ಲಿ ಜಿನಾಲಯ ಕಟ್ಟಿಸಿದುದನ್ನು ತಿಳಿಸುತ್ತದೆ. ಈಕೆಗೆ ಜೈನಧರ್ಮದ ಮೇಲಿದ್ದ ಒಲವನ್ನು ಗಮನಿಸಿ, ಜೈನನಾದ ಕೀರ್ತಿವರ್ಮನು ಈಕೆಯ ಮಗನಿರಬಹುದೆಂಬ ಊಹೆ ಸಾಹಿತ್ಯ ಚರಿತ್ರೆಯಲ್ಲಿ ಬಂದಿದೆ.

ರಾಜಕೀಯ ಹಿನ್ನೆಲೆ

ಕೀರ್ತಿವರ್ಮನು ಬದುಕಿದ ಅರಮನೆಯು ಅಣ್ಣತಮ್ಮಂದಿರ ಕಲಹಗಳ ಅರಮನೆಯಾಗಿತ್ತು. ತಂದೆಯ ಮರಣಾನಂತರ ಹಿರಿಯ ಅಣ್ಣನಾದ ಎರಡನೆಯ ಸೋಮೇಶ್ವರನು ಭುವನೈಕಮಲ್ಲನೆಂಬ ಬಿರುದಿನೊಡನೆ ಪಟ್ಟಕ್ಕೆ ಬಂದನು. ಎಂಟು ವರ್ಷ ಕಳೆಯುವುದರೊಳಗೆ ಅವನ ತಮ್ಮ ವಿಕ್ರಮಾದಿತ್ಯನು ಅವನನ್ನು ಸೋಲಿಸಿ 1076ರಲ್ಲಿ ಸಿಂಹಾಸನವನ್ನೇರಿದನು. ಶಕವರ್ಷದ ಬದಲು ಚಾಲುಕ್ಯ ವಿಕ್ರಮ ವರ್ಷವೆಂಬ ಹೊಸ ಕಾಲಗಣನೆಯನ್ನು ಆರಂಭಿಸಿದನು. ಇನ್ನೊಬ್ಬ ಸೋದರ ಜಯಸಿಂಹನು ಬನವಾಸಿ ಪ್ರಾಂತ್ಯವನ್ನು ಆಳುತ್ತಿದ್ದು, ಕೆಲವು ವರ್ಷಗಳ ಅನಂತರ ಅವನೂ ವಿಕ್ರಮಾದಿತ್ಯನ ಮೇಲೆ ದಂಗೆಯೆದ್ದು ಸೋತನು.

ವಿಕ್ರಮಾದಿತ್ಯನ ಆಸ್ಥಾನದಲ್ಲಿ ಕಾಶ್ಮೀರದಿಂದ ಬಂದ ಬಿಲ್ಹಣನು ವಿಕ್ರಮಾಂಕದೇವಚರಿತವೆಂಬ ಸಂಸ್ಕೃತ ಕಾವ್ಯವನ್ನು ರಚಿಸಿದನು. ಸೋಮೇಶ್ವರ, ವಿಕ್ರಮಾದಿತ್ಯ, ಜಯಸಿಂಹ ಎಂಬ ಮೂವರು ಸೋದರರ ನಡುವಿನ ಅಧಿಕಾರದ ಹೋರಾಟವು ಅದರ ಮುಖ್ಯ ವಸ್ತುಗಳಲ್ಲಿ ಒಂದು. ಧರ್ಮಶಾಸ್ತ್ರದಲ್ಲಿ ಇಂದಿಗೂ ಉಲ್ಲೇಖಗೊಳ್ಳುವ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನೂ ಇದೇ ಆಸ್ಥಾನದವನು. ಹೀಗೆ ಒಬ್ಬನು ದೊರೆಯ ವಿಜಯವನ್ನೂ ಮತ್ತೊಬ್ಬನು ದಾಯಭಾಗದ ನ್ಯಾಯವನ್ನೂ ಸಂಸ್ಕೃತದಲ್ಲಿ ಬರೆಯುತ್ತಿದ್ದ ರಾಜಧಾನಿಯ ಮನೆತನದಲ್ಲಿ ಕೀರ್ತಿವರ್ಮನು ಹಸುವಿನ ಕಾಯಿಲೆಯನ್ನು ಕನ್ನಡದಲ್ಲಿ ಬರೆದನು. ಸೋದರರ ಹೆಸರು ಯುದ್ಧಗಳ ಚರಿತ್ರೆಯಲ್ಲಿ ನಿಂತರೆ, ಕೀರ್ತಿವರ್ಮನ ಹೆಸರು ಈ ಒಂದು ಗ್ರಂಥದಿಂದ ಉಳಿಯಿತು.

ಧರ್ಮ, ಗುರು ಮತ್ತು ಬಿರುದುಗಳು

ಕೀರ್ತಿವರ್ಮನ ಗುರು ದೇವಚಂದ್ರಮುನಿ ಎಂಬ ಜೈನಯತಿ. ಇವನ ಬಿರುದುಗಳಲ್ಲಿ ವೈರಿಕರಿಹರಿ, ಕಂದರ್ಪಮೂರ್ತಿ, ಸಮ್ಯಕ್ತ್ವರತ್ನಾಕರ, ಬುಧಭವ್ಯಬಾಂಧವ, ವೈದ್ಯರತ್ನಪಾಲ ಎಂಬುವು ಸೇರಿವೆ. ಶತ್ರುಗಳೆಂಬ ಆನೆಗಳಿಗೆ ಸಿಂಹ ಎಂಬ ಅರ್ಥದ ಮೊದಲ ಬಿರುದು ಇವನ ಕ್ಷಾತ್ರವನ್ನು ಸೂಚಿಸುತ್ತದೆ. ಸಮ್ಯಕ್ತ್ವರತ್ನಾಕರ ಎಂಬುದು ಜೈನಧರ್ಮದಲ್ಲಿ ಇವನಿಗಿದ್ದ ದೃಢಶ್ರದ್ಧೆಯನ್ನೂ, ಬುಧಭವ್ಯಬಾಂಧವ ಎಂಬುದು ವಿದ್ವಾಂಸರು ಮತ್ತು ಶ್ರಾವಕರೊಡನೆ ಇದ್ದ ನಂಟನ್ನೂ ಹೇಳುತ್ತವೆ. ವೈದ್ಯರತ್ನಪಾಲ ಎಂಬ ಬಿರುದು ವೈದ್ಯರಿಗೆ ಆಶ್ರಯದಾತನೆಂಬ ಇವನ ಹೆಸರಿಗೆ ಸಾಕ್ಷಿ.

ಜೈನಧರ್ಮದಲ್ಲಿ ಆಹಾರ, ಅಭಯ, ಔಷಧ ಮತ್ತು ಶಾಸ್ತ್ರ ಎಂಬ ನಾಲ್ಕು ಬಗೆಯ ದಾನಗಳು ಶ್ರೇಷ್ಠವೆಂದು ಎಣಿಕೆಯಾಗಿವೆ. ಜೀವಕ್ಕೆ ಭಯವಿಲ್ಲದಂತೆ ಕಾಪಾಡುವುದು ಅಭಯದಾನ, ರೋಗಿಗೆ ಮದ್ದು ಕೊಡುವುದು ಔಷಧದಾನ, ಅರಿವನ್ನು ಹಂಚುವುದು ಶಾಸ್ತ್ರದಾನ. ಮೂಕಪ್ರಾಣಿಗಳ ಚಿಕಿತ್ಸೆಯನ್ನು ಗ್ರಂಥರೂಪದಲ್ಲಿ ನೀಡುವ ಕೆಲಸದಲ್ಲಿ ಈ ಮೂರೂ ಕೂಡಿಬರುತ್ತವೆ. ಕರ್ನಾಟಕದ ಜೈನ ವಿದ್ವಾಂಸರು ವೈದ್ಯಶಾಸ್ತ್ರದಲ್ಲಿ ಮೊದಲಿನಿಂದಲೂ ಆಸಕ್ತರಾಗಿದ್ದರು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನು ಮಾಂಸ, ಮದ್ಯಗಳನ್ನು ಬಿಟ್ಟ ಚಿಕಿತ್ಸಾಕ್ರಮವನ್ನು ಕಲ್ಯಾಣಕಾರಕವೆಂಬ ಸಂಸ್ಕೃತ ಗ್ರಂಥದಲ್ಲಿ ನಿರೂಪಿಸಿದ್ದನು. ಅಹಿಂಸೆಯನ್ನು ಆಧರಿಸಿದ ಈ ವೈದ್ಯಪರಂಪರೆಯು ಕೀರ್ತಿವರ್ಮನ ಹಿನ್ನೆಲೆಯಲ್ಲಿದೆ.

ಮನೆತನದ ಶಾಸ್ತ್ರಸಾಹಿತ್ಯ

ಕಲ್ಯಾಣ ಚಾಲುಕ್ಯರ ಆಸ್ಥಾನವು ಕಾವ್ಯಗಳಿಗೆ ಮಾತ್ರವಲ್ಲದೆ ಲೋಕೋಪಯೋಗಿ ಶಾಸ್ತ್ರಗಳಿಗೂ ಆಶ್ರಯ ನೀಡಿತು. ಕೀರ್ತಿವರ್ಮನ ಅಜ್ಜನಾದ ಎರಡನೆಯ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಚಾವುಂಡರಾಯನು ಲೋಕೋಪಕಾರವನ್ನು ರಚಿಸಿದನು. ಜ್ಯೋತಿಷ, ವಾಸ್ತು, ಅಂತರ್ಜಲ ಶೋಧನೆ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಪಾಕಶಾಸ್ತ್ರ, ನರವೈದ್ಯ, ವಿಷವೈದ್ಯ, ಪಶುವೈದ್ಯ ಮೊದಲಾದ ವಿಷಯಗಳು ಆ ಗ್ರಂಥದಲ್ಲಿವೆ. ತಂದೆ ಸೋಮೇಶ್ವರನ ಕಾಲದಲ್ಲಿ, 1049ರಲ್ಲಿ, ಶ್ರೀಧರಾಚಾರ್ಯನು ಕನ್ನಡದ ಮೊದಲ ಜ್ಯೋತಿಷಗ್ರಂಥವಾದ ಜಾತಕತಿಲಕವನ್ನು ಬರೆದನು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಮಾನಸೋಲ್ಲಾಸವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಅದರಲ್ಲಿ ಆನೆ, ಕುದುರೆಗಳ ಲಕ್ಷಣ ಮತ್ತು ಆರೈಕೆಯ ವಿಷಯಗಳಿವೆ. ಸಂಬಂಧದಲ್ಲಿ ಕೀರ್ತಿವರ್ಮನು ಇವನಿಗೆ ಚಿಕ್ಕಪ್ಪ.

ನಾಲ್ಕು ತಲೆಮಾರುಗಳ ಈ ಪರಂಪರೆಯಲ್ಲಿ ಗೋವೈದ್ಯದ ಸ್ಥಾನ ಸ್ಪಷ್ಟವಾಗಿದೆ. ಲೋಕೋಪಕಾರದಲ್ಲಿ ಹಲವು ವಿಷಯಗಳಲ್ಲಿ ಒಂದಾಗಿದ್ದ ಪಶುವೈದ್ಯವು ಕೀರ್ತಿವರ್ಮನ ಕೈಯಲ್ಲಿ ಸ್ವತಂತ್ರ ಗ್ರಂಥದ ವಸ್ತುವಾಯಿತು.

ಗೋವೈದ್ಯ

ಭಾರತದ ಪ್ರಾಚೀನ ಪಶುವೈದ್ಯದಲ್ಲಿ ಎರಡು ಹೆಸರುಗಳು ಪ್ರಸಿದ್ಧವಾಗಿವೆ. ಅಶ್ವವೈದ್ಯಕ್ಕೆ ಶಾಲಿಹೋತ್ರನೂ ಗಜವೈದ್ಯಕ್ಕೆ ಪಾಲಕಾಪ್ಯನೂ ಮೂಲಪುರುಷರು. ಆನೆ ಮತ್ತು ಕುದುರೆಗಳು ಸೇನೆಯ ಅಂಗಗಳು. ಅವುಗಳ ಆರೋಗ್ಯವು ರಾಜ್ಯದ ಬಲಕ್ಕೆ ಸಂಬಂಧಿಸಿದ್ದು. ಆದುದರಿಂದ ಅರಸರೇ ಈ ಶಾಸ್ತ್ರಗಳಲ್ಲಿ ಆಸಕ್ತಿ ವಹಿಸುತ್ತಿದ್ದರು. ತಲಕಾಡಿನ ಗಂಗ ದೊರೆ ಶ್ರೀಪುರುಷನು ಗಜಶಾಸ್ತ್ರವನ್ನೂ, ಅವನ ಮಗ ಎರಡನೆಯ ಶಿವಮಾರನು ಕನ್ನಡದಲ್ಲಿ ಗಜಾಷ್ಟಕವನ್ನೂ ರಚಿಸಿದ್ದರೆಂದು ಶಾಸನಗಳಿಂದ ತಿಳಿಯುತ್ತದೆ.

ದನಕರುಗಳ ಮಹತ್ವ ಬೇರೆ ಬಗೆಯದು. ಉಳುವ ಎತ್ತು, ಕರೆಯುವ ಹಸು, ಹೊಲಕ್ಕೆ ಗೊಬ್ಬರ ಇವು ಒಕ್ಕಲುತನದ ಆಧಾರ. ಮಳೆ ಬಿದ್ದ ವಾರದಲ್ಲಿ ಜೋಡಿಯ ಒಂದೆತ್ತು ಸತ್ತರೆ ಆ ವರ್ಷದ ಬಿತ್ತನೆಯೇ ತಪ್ಪುತ್ತಿತ್ತು. ಹಸು ಎಮ್ಮೆಗಳ ಹಿಂಡನ್ನು ಹಳಗನ್ನಡದಲ್ಲಿ ತುರು ಎನ್ನುತ್ತಿದ್ದರು. ತುರುಗೊಳ್ ಎಂದರೆ ಊರ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋಗುವುದು. ಅವುಗಳನ್ನು ಬಿಡಿಸಿ ತರುವಾಗ ಮಡಿದವರಿಗಾಗಿ ನಿಲ್ಲಿಸಿದ ವೀರಗಲ್ಲುಗಳು ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಇಂದಿಗೂ ಇವೆ. ಕಳ್ಳರಿಂದ ತುರುವನ್ನು ಕಾಯಲು ಪ್ರಾಣ ಕೊಡುವವರಿದ್ದ ಸಮಾಜದಲ್ಲಿ, ರೋಗದಿಂದ ಅದನ್ನು ಕಾಯುವ ವಿದ್ಯೆಯು ಗೋವಳರ ಮತ್ತು ಹಳ್ಳಿಯ ವೈದ್ಯರ ಬಾಯಿಮಾತಿನಲ್ಲಿ ಸಾಗಿಬಂದಿತ್ತು. ಕೀರ್ತಿವರ್ಮನು ಈ ವಿಷಯವನ್ನು ಶಾಸ್ತ್ರದ ಮಟ್ಟಕ್ಕೆ ತಂದನು.

ಗೋವೈದ್ಯದಲ್ಲಿ ದನಗಳಿಗೆ ಬರುವ ವ್ಯಾಧಿಗಳು, ಅವುಗಳಿಗೆ ಮದ್ದು ಮತ್ತು ಮಂತ್ರಗಳು ಬಂದಿವೆ. ಅಂದಿನ ತಿಳಿವಳಿಕೆಗೆ ಅನುಗುಣವಾಗಿ ಔಷಧೋಪಚಾರವೂ ಮಂತ್ರೋಪಚಾರವೂ ಇಲ್ಲಿ ಒಟ್ಟಾಗಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಈ ಗ್ರಂಥವು ಅರ್ಧ ವೈದ್ಯ, ಅರ್ಧ ಮಂತ್ರ ಎಂಬ ಅಭಿಪ್ರಾಯಪಟ್ಟಿದ್ದಾನೆ.

ಪಶುವೈದ್ಯದ ಮೂಲ ಪರಿಭಾಷೆ

ಗೋವೈದ್ಯದಂಥ ಗ್ರಂಥಗಳನ್ನು ಓದುವವರಿಗೆ ಆ ಪರಂಪರೆಯ ಕೆಲವು ಪದಗಳ ಪರಿಚಯ ಅಗತ್ಯ. ಅವುಗಳಲ್ಲಿ ಹಲವು ಇಂದಿನ ಪಶುವೈದ್ಯಕೀಯ ಕನ್ನಡದಲ್ಲಿಯೂ ಬಳಕೆಯಲ್ಲಿವೆ.

ರೋಗವನ್ನು ಅರಿಯುವ ಪದಗಳು: ವ್ಯಾಧಿ ಎಂದರೆ ದೇಹದ ಸಹಜಸ್ಥಿತಿ ಕೆಡುವುದು. ಆಯುರ್ವೇದದ ಪ್ರಕಾರ ವಾತ, ಪಿತ್ತ, ಕಫಗಳೆಂಬ ದೋಷಗಳ ಏರುಪೇರಿನಿಂದ ವ್ಯಾಧಿ ಹುಟ್ಟುತ್ತದೆ. ನಿದಾನವೆಂದರೆ ರೋಗದ ಕಾರಣ ಮತ್ತು ಅದನ್ನು ಗುರುತಿಸುವ ಕ್ರಮ; ನಿಧಾನ ಎಂಬ ಪದದೊಡನೆ ಇದನ್ನು ಬೆರೆಸಬಾರದು. ರೋಗ ಪೂರ್ತಿ ಕಾಣಿಸಿಕೊಳ್ಳುವ ಮೊದಲು ತೋರುವ ಸೂಚನೆಗಳು ಪೂರ್ವರೂಪ. ಸ್ಪಷ್ಟವಾಗಿ ಕಾಣುವ ಲಕ್ಷಣಗಳು ರೂಪ. ಮನುಷ್ಯನಾದರೆ ನೋವೆಲ್ಲಿದೆಯೆಂದು ವೈದ್ಯನಿಗೆ ಹೇಳಬಲ್ಲನು. ಪ್ರಾಣಿ ಹೇಳಲಾರದು. ಆದುದರಿಂದ ಪಶುವೈದ್ಯದಲ್ಲಿ ಲಕ್ಷಣಗಳ ಪರೀಕ್ಷೆಯೇ ಮುಖ್ಯ. ಮೆಲುಕು ನಿಲ್ಲುವುದು, ಮೇವು ಬಿಡುವುದು, ಸದಾ ತೇವವಾಗಿರಬೇಕಾದ ಮೂತಿ ಒಣಗುವುದು, ಕಿವಿ ಜೋಲುವುದು, ಹಿಂಡಿನಿಂದ ದೂರ ನಿಲ್ಲುವುದು, ಸಗಣಿಯ ಬಣ್ಣ ಮತ್ತು ಹದ ಬದಲಾಗುವುದು ಇವು ದನಗಾಹಿಯ ಕಣ್ಣಿಗೆ ಮೊದಲು ಬೀಳುವ ಸೂಚನೆಗಳು. ಇಂದಿನ ವೈದ್ಯರು ಇವುಗಳ ಜೊತೆಗೆ ದೇಹದ ಉಷ್ಣತೆಯನ್ನು ಅಳೆಯುತ್ತಾರೆ. ಆರೋಗ್ಯವಂತ ಹಸುವಿನ ಉಷ್ಣತೆ ಸುಮಾರು 38.5 ಡಿಗ್ರಿ ಸೆಲ್ಸಿಯಸ್, ಅಂದರೆ 101 ಡಿಗ್ರಿ ಫ್ಯಾರನ್‌ಹೀಟಿಗಿಂತ ತುಸು ಹೆಚ್ಚು.

ಔಷಧದ ಪದಗಳು: ಹಸಿ ಸೊಪ್ಪನ್ನು ಅರೆದು ಹಿಂಡಿದ ರಸ ಸ್ವರಸ, ಅರೆದ ಮುದ್ದೆ ಕಲ್ಕ, ನೀರಿನಲ್ಲಿ ಕುದಿಸಿ ಬತ್ತಿಸಿದ್ದು ಕಷಾಯ, ಒಣಗಿಸಿ ಪುಡಿ ಮಾಡಿದ್ದು ಚೂರ್ಣ. ಮೈಮೇಲೆ ಹಚ್ಚುವುದು ಲೇಪ, ಮೂಗಿಗೆ ಬಿಡುವುದು ನಸ್ಯ, ಕಣ್ಣಿಗೆ ಹಚ್ಚುವುದು ಅಂಜನ, ಹೊಗೆ ಕೊಡುವುದು ಧೂಪ. ದನಕ್ಕೆ ಮದ್ದನ್ನು ಕುಡಿಸಲು ಬಳಸುವ ಬಿದಿರಿನ ಕೊಳವೆಗೆ ಗೊಟ್ಟವೆಂದು ಹೆಸರು. ಹೀಗೆ ಕುಡಿಸುವುದನ್ನು ಗೊಟ್ಟ ಹಾಕುವುದು ಎನ್ನುತ್ತಾರೆ. ದನದ ತಲೆಯನ್ನು ತೀರ ಮೇಲೆತ್ತಿ ಅವಸರದಿಂದ ಸುರಿದರೆ ಮದ್ದು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಉಂಟಾಗುವುದರಿಂದ ಈ ಕೆಲಸಕ್ಕೆ ಅನುಭವ ಬೇಕು. ಕಾದ ಕಬ್ಬಿಣದಿಂದ ಸುಡುವುದು ಬರೆ ಹಾಕುವುದು. ಈ ರೂಢಿಯನ್ನು ಇಂದಿನ ಪಶುವೈದ್ಯರು ಒಪ್ಪುವುದಿಲ್ಲ.

ರೋಗಗಳ ಹೆಸರುಗಳು: ಕನ್ನಡದ ಹಲವು ರೋಗನಾಮಗಳು ಕಣ್ಣಿಗೆ ಕಾಣುವ ಲಕ್ಷಣದಿಂದಲೇ ಹುಟ್ಟಿವೆ. ಬಾಯಿ ಮತ್ತು ಗೊರಸಿನ ಸಂದಿನಲ್ಲಿ ಬೊಕ್ಕೆಗಳೇಳುವ ವೈರಸ್ ರೋಗ ಕಾಲುಬಾಯಿ ಜ್ವರ. ಇದರಿಂದ ಬೆಳೆದ ದನಗಳು ಸಾಯುವುದು ಕಡಿಮೆ. ಆದರೆ ಹಾಲು ಬತ್ತುತ್ತದೆ, ಎತ್ತು ದುಡಿಯಲಾರದು. ಗಂಟಲು ಊದಿ ಉಸಿರು ಕಟ್ಟುವುದು ಗಳಲೆ ರೋಗ ಅಥವಾ ಗಂಟಲುಬೇನೆ. ಮಳೆಗಾಲದ ಆರಂಭದಲ್ಲಿ ಹೆಚ್ಚು, ಎಮ್ಮೆಗಳಿಗೆ ಇನ್ನೂ ಅಪಾಯಕಾರಿ. ಚಪ್ಪೆ ಎಂದರೆ ತೊಡೆಯ ಭಾಗ. ತೊಡೆ ಅಥವಾ ಭುಜದ ಮಾಂಸಖಂಡ ಊದಿ, ಒತ್ತಿದಾಗ ಒಳಗೆ ಗಾಳಿ ಸೇರಿದಂತೆ ಚರಚರ ಸದ್ದಾಗುವುದು ಚಪ್ಪೆರೋಗ. ಪುಷ್ಟವಾಗಿ ಬೆಳೆಯುತ್ತಿರುವ ಎಳೆಯ ದನಗಳಿಗೇ ಇದು ಹೆಚ್ಚಾಗಿ ತಗಲುತ್ತದೆ. ನೆರಡಿ ರೋಗದಲ್ಲಿ ದನ ಹಠಾತ್ತನೆ ಸಾಯುತ್ತದೆ. ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪುರಕ್ತ ಸುರಿಯುತ್ತದೆ. ಇದರ ರೋಗಾಣುಗಳು ಮಣ್ಣಿನಲ್ಲಿ ದಶಕಗಳ ಕಾಲ ಬದುಕಬಲ್ಲವಾದುದರಿಂದ ಸತ್ತ ದನವನ್ನು ಕೊಯ್ಯದೆ ಆಳವಾಗಿ ಹೂಳಬೇಕು. ಗಬ್ಬದ ಹಸು ದಿನ ತುಂಬುವ ಮೊದಲೇ ಕರು ಹಾಕುವುದಕ್ಕೆ ಕಂದು ಹಾಕುವುದು ಎನ್ನುತ್ತಾರೆ. ಅದಕ್ಕೆ ಕಾರಣವಾಗುವ ಒಂದು ಸೋಂಕು ಕಂದು ರೋಗ. ಕೆಚ್ಚಲುಬಾವು, ಹೊಟ್ಟೆಯುಬ್ಬರ ಎಂಬ ಪದಗಳ ಅರ್ಥ ಹೆಸರಿನಲ್ಲಿಯೇ ಇದೆ. ಇವೆಲ್ಲಕ್ಕಿಂತ ಭಯಂಕರವಾಗಿದ್ದದ್ದು ದೊಡ್ಡರೋಗ. ಜ್ವರ, ಕಣ್ಣು ಮೂಗುಗಳ ಸ್ರಾವ, ಬಾಯಿಹುಣ್ಣು, ಬಳಿಕ ನಿಲ್ಲದ ಭೇದಿಯಿಂದ ಕೆಲವೇ ದಿನಗಳಲ್ಲಿ ಹಟ್ಟಿಗೆ ಹಟ್ಟಿಯೇ ಬರಿದಾಗುತ್ತಿತ್ತು.

ರೋಗ ಹರಡುವ ಪದಗಳು: ಸೂಕ್ಷ್ಮಾಣುಜೀವಿಗಳಿಂದ ಬರುವುದು ಸೋಂಕುರೋಗ. ಅದು ಒಂದು ಪ್ರಾಣಿಯಿಂದ ಮತ್ತೊಂದಕ್ಕೆ ನೇರವಾಗಿ ದಾಟುವುದಾದರೆ ಅಂಟುರೋಗ. ಎಲ್ಲ ಅಂಟುರೋಗಗಳೂ ಸೋಂಕುರೋಗಗಳೇ. ಎಲ್ಲ ಸೋಂಕುರೋಗಗಳೂ ಅಂಟುರೋಗಗಳಲ್ಲ. ಚಪ್ಪೆರೋಗವು ಮಣ್ಣಿನಲ್ಲಿರುವ ರೋಗಾಣುವಿನಿಂದ ಬರುವ ಸೋಂಕು, ಆದರೆ ದನದಿಂದ ದನಕ್ಕೆ ಅಂಟುವುದಿಲ್ಲ. ಪ್ರಾಣಿಗಳಿಂದ ಮನುಷ್ಯರಿಗೆ ಬರುವಂಥದ್ದು ಪ್ರಾಣಿಜನ್ಯ ರೋಗ; ನೆರಡಿ, ಕಂದು ರೋಗ ಮತ್ತು ಹುಚ್ಚುನಾಯಿ ರೋಗ ಇದಕ್ಕೆ ಉದಾಹರಣೆಗಳು.

ಮದ್ದು ಮತ್ತು ಮಂತ್ರ

ಗೋವೈದ್ಯದಲ್ಲಿ ಮಂತ್ರಗಳಿರುವುದು ಇಂದಿನ ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ ಸೂಕ್ಷ್ಮಾಣುಜೀವಿಗಳಿಂದ ರೋಗ ಬರುತ್ತದೆಂಬುದು ಜಗತ್ತಿನಲ್ಲಿ ಎಲ್ಲಿಯೂ ಗೊತ್ತಿಲ್ಲದ ಕಾಲವದು. ಲೂಯಿ ಪಾಶ್ಚರ್ ಮತ್ತು ರಾಬರ್ಟ್ ಕಾಕ್ ಅದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟದ್ದು ಕೀರ್ತಿವರ್ಮನ ಅನಂತರ ಏಳುನೂರೈವತ್ತು ವರ್ಷ ಕಳೆದ ಮೇಲೆ. ಕಾಕ್ 1876ರಲ್ಲಿ ನೆರಡಿ ರೋಗದ ರೋಗಾಣುವಿನ ಜೀವನಕ್ರಮವನ್ನು ವಿವರಿಸಿದನು. ಪಾಶ್ಚರ್ 1881ರಲ್ಲಿ ಅದೇ ರೋಗಕ್ಕೆ ತಾನು ಸಿದ್ಧಪಡಿಸಿದ ಲಸಿಕೆಯನ್ನು ಕುರಿಗಳ ಮೇಲೆ ಬಹಿರಂಗವಾಗಿ ಪ್ರಯೋಗಿಸಿ ತೋರಿಸಿದನು. ಅಲ್ಲಿಯವರೆಗೆ ದೊಡ್ಡರೋಗವನ್ನು ಹಳ್ಳಿಗರು ಮಾರಿಯ ಮುನಿಸೆಂದು ಬಗೆದು ಪೂಜೆ, ಹರಕೆಗಳ ಮೊರೆಹೋಗುತ್ತಿದ್ದರು.

ಗಾಯ, ಹೊಟ್ಟೆಯುಬ್ಬರ, ಅಜೀರ್ಣದಂಥ ತೊಂದರೆಗಳಿಗೆ ಗಿಡಮೂಲಿಕೆಯ ಉಪಚಾರ ನೆರವಾಗಬಹುದಿತ್ತು. ವೈರಸ್ ಮತ್ತು ಬ್ಯಾಕ್ಟೀರಿಯಾಗಳಿಂದ ಬರುವ ಪಿಡುಗುಗಳಿಗೆ ಅದರಿಂದ ಪರಿಹಾರವಿರಲಿಲ್ಲ. ಆದುದರಿಂದ ಗೋವೈದ್ಯವನ್ನು ಚಿಕಿತ್ಸೆಯ ಕೈಪಿಡಿಯಾಗಿ ಇಂದು ಬಳಸುವಂತಿಲ್ಲ. ಕನ್ನಡದಲ್ಲಿ ಪಶುರೋಗಗಳ ಕುರಿತ ಚಿಂತನೆ ಮತ್ತು ಪದಸಂಪತ್ತಿನ ಚಾರಿತ್ರಿಕ ದಾಖಲೆಯಾಗಿ ಅದಕ್ಕೆ ಬೆಲೆಯಿದೆ.

ಅನಂತರದ ಕೃತಿಗಳು

ಕೀರ್ತಿವರ್ಮನ ಬಳಿಕ ಕನ್ನಡದ ವೈದ್ಯಸಾಹಿತ್ಯವು ಬೆಳೆಯಿತು. ಹನ್ನೆರಡನೆಯ ಶತಮಾನದ ನಡುವೆ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವೆಂಬ ಹೆಸರಿನಲ್ಲಿ ಕನ್ನಡಕ್ಕೆ ತಂದನು. ಇದು ಮನುಷ್ಯವೈದ್ಯಕ್ಕೆ ಸಂಬಂಧಿಸಿದ್ದು. ವಿಜಯನಗರದ ಆರಂಭಕಾಲದಲ್ಲಿ, ಸುಮಾರು 1360ರಲ್ಲಿ, ಒಂದನೆಯ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ಬರೆದನು. ಪಶುವೈದ್ಯದಲ್ಲಿ ಅಭಿನವಚಂದ್ರನ ಅಶ್ವವೈದ್ಯವೂ, ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ 1627ರಲ್ಲಿ ಪದ್ಮಣಪಂಡಿತನು ರಚಿಸಿದ ಹಯಸಾರಸಮುಚ್ಚಯವೂ ಉಲ್ಲೇಖನೀಯ. ಈ ಎರಡೂ ಕುದುರೆಗೆ ಸಂಬಂಧಿಸಿದವು. ಅರಮನೆಯ ಗಮನವು ಮತ್ತೆ ಸೇನೆಯ ಪ್ರಾಣಿಯತ್ತಲೇ ಹೊರಳಿತೆಂಬುದನ್ನು ಇವು ತೋರಿಸುತ್ತವೆ.

ಆಧುನಿಕ ಪಶುವೈದ್ಯ

ಯೂರೋಪಿನಲ್ಲಿ ಪಶುವೈದ್ಯ ಶಿಕ್ಷಣದ ಆರಂಭಕ್ಕೂ ದನಗಳ ಪಿಡುಗೇ ಪ್ರೇರಣೆಯಾಯಿತು. ಫ್ರಾನ್ಸಿನ ಲಿಯಾನ್ ನಗರದಲ್ಲಿ ಕ್ಲಾಡ್ ಬೂರ್ಜೆಲಾ ಹದಿನೆಂಟನೆಯ ಶತಮಾನದ ಅರುವತ್ತರ ದಶಕದಲ್ಲಿ ಮೊದಲ ಪಶುವೈದ್ಯ ಶಾಲೆಯನ್ನು ತೆರೆದಾಗ ದೊಡ್ಡರೋಗದ ನಿಯಂತ್ರಣವೂ ಅದರ ಉದ್ದೇಶಗಳಲ್ಲಿತ್ತು. ಭಾರತದಲ್ಲಿ 1889ರಲ್ಲಿ ಪುಣೆಯಲ್ಲಿ ಸ್ಥಾಪನೆಗೊಂಡ ಇಂಪೀರಿಯಲ್ ಬ್ಯಾಕ್ಟೀರಿಯಲಾಜಿಕಲ್ ಲ್ಯಾಬೊರೇಟರಿಯು ಬಳಿಕ ಹಿಮಾಲಯದ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡು ಇದೇ ರೋಗದ ಸಂಶೋಧನೆಯಲ್ಲಿ ತೊಡಗಿತು.

ಮೈಸೂರು ಸಂಸ್ಥಾನದಲ್ಲಿ ಈ ಕೆಲಸವು ಬೆಂಗಳೂರಿನ ಉತ್ತರ ಭಾಗದಲ್ಲಿ ನೆಲೆಗೊಂಡಿತು. ಗೊರಗುಂಟೆಪಾಳ್ಯದಿಂದ ಹೊರವರ್ತುಲ ರಸ್ತೆಯಲ್ಲಿ ಪೂರ್ವಕ್ಕೆ ಸಾಗಿದರೆ ಸಿಗುವ ಹೆಬ್ಬಾಳದಲ್ಲಿ 1920ರ ದಶಕದಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ದೊಡ್ಡರೋಗಕ್ಕೆ ರಕ್ತಸಾರವನ್ನು ತಯಾರಿಸುವುದು ಅದರ ಮೊದಲ ಕೆಲಸವಾಗಿತ್ತು. ರಕ್ತಸಾರ ಮತ್ತು ಲಸಿಕೆಗಳ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ರೋಗವನ್ನು ಎದುರಿಸಿ ಗೆದ್ದ ಪ್ರಾಣಿಯ ರಕ್ತದಿಂದ ಪಡೆದ ಸಿದ್ಧ ಪ್ರತಿಕಾಯಗಳು ರಕ್ತಸಾರದಲ್ಲಿರುತ್ತವೆ. ರಕ್ಷಣೆ ಕೂಡಲೇ ದೊರೆಯುತ್ತದೆ, ಆದರೆ ಬೇಗನೆ ಮುಗಿಯುತ್ತದೆ. ಲಸಿಕೆಯು ದುರ್ಬಲಗೊಳಿಸಿದ ಅಥವಾ ಕೊಂದ ರೋಗಾಣುವಾಗಿದ್ದು, ಪ್ರಾಣಿಯ ದೇಹವೇ ಪ್ರತಿಕಾಯಗಳನ್ನು ತಯಾರಿಸುವಂತೆ ಮಾಡುತ್ತದೆ. ರಕ್ಷಣೆಗೆ ಕೆಲವು ದಿನ ಕಾಯಬೇಕು, ಆದರೆ ಅದು ಹೆಚ್ಚು ಕಾಲ ಉಳಿಯುತ್ತದೆ. ಆ ಸಂಸ್ಥೆಯು ಇಂದು ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಾಗಿ ಹಲವು ರೋಗಗಳ ಲಸಿಕೆಗಳನ್ನು ತಯಾರಿಸುತ್ತಿದೆ. ಹೆಬ್ಬಾಳದಲ್ಲಿಯೇ 1958ರಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾಯಿತು. ಸಮೀಪದ ಯಲಹಂಕದಲ್ಲಿ ಪಶುರೋಗಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆಯಿದೆ.

ಭಾರತದಲ್ಲಿ ದೊಡ್ಡರೋಗವು ಕೊನೆಯದಾಗಿ ಕಾಣಿಸಿಕೊಂಡದ್ದು 1995ರಲ್ಲಿ. ವ್ಯಾಪಕ ಲಸಿಕೆ ಮತ್ತು ಹಳ್ಳಿಹಳ್ಳಿಯ ತಪಾಸಣೆಯ ಫಲವಾಗಿ 2006ರಲ್ಲಿ ದೇಶವು ಈ ಸೋಂಕಿನಿಂದ ಮುಕ್ತವೆಂದು ಅಂತಾರಾಷ್ಟ್ರೀಯ ಮಾನ್ಯತೆ ಪಡೆಯಿತು. 2011ರಲ್ಲಿ ಇಡೀ ಜಗತ್ತಿನಿಂದ ರೋಗವು ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಮನುಷ್ಯರ ಸಿಡುಬಿನ ಬಳಿಕ ಪೂರ್ಣವಾಗಿ ನಿರ್ಮೂಲಗೊಂಡ ಎರಡನೆಯ ರೋಗವಿದು.

ಸಾಹಿತ್ಯ ಚರಿತ್ರೆಯಲ್ಲಿ ಸ್ಥಾನ

ಕೀರ್ತಿವರ್ಮನನ್ನು ಆಧುನಿಕ ಓದುಗರಿಗೆ ಪರಿಚಯಿಸಿದ ಪ್ರಮುಖ ಗ್ರಂಥ ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆ. ಅದರ ಮೊದಲ ಸಂಪುಟ 1907ರಲ್ಲಿ ಪ್ರಕಟವಾಯಿತು. ಆ ಬಳಿಕ ಕನ್ನಡದ ಶಾಸ್ತ್ರಸಾಹಿತ್ಯವನ್ನು ಕುರಿತ ಬರಹಗಳಲ್ಲಿ ಗೋವೈದ್ಯಕ್ಕೆ ಖಚಿತವಾದ ಸ್ಥಾನ ದೊರೆತಿದೆ. ಪಂಪ, ರನ್ನರಂಥ ಕಾವ್ಯಕಾರರ ಸಾಲಿನಲ್ಲಿ ಇವನ ಹೆಸರು ಬರುವುದಿಲ್ಲ. ಚಾವುಂಡರಾಯ, ಶ್ರೀಧರಾಚಾರ್ಯ, ಜಗದ್ದಳ ಸೋಮನಾಥರಂತೆ ಬದುಕಿಗೆ ಬೇಕಾದ ವಿದ್ಯೆಗಳನ್ನು ಕನ್ನಡಕ್ಕೆ ತಂದವರ ಸಾಲಿನಲ್ಲಿ ಬರುತ್ತದೆ. ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಈ ಗ್ರಂಥಕಾರರು ಉದಾಹರಣೆಯಾಗುತ್ತಾರೆ.

ರಾಜ್ಯದ ಪಶುವೈದ್ಯ ಕಾಲೇಜುಗಳು ಇಂದು ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದರ ಕೇಂದ್ರಸ್ಥಾನ ಬೀದರ್. ಕೀರ್ತಿವರ್ಮನ ಮನೆತನದ ರಾಜಧಾನಿಯಾಗಿದ್ದ ಕಲ್ಯಾಣವೂ ಅದೇ ಜಿಲ್ಲೆಯಲ್ಲಿದೆ.